ಅಕ್ಕೋರು ಹೇಳಿಕೊಟ್ಟ ಉತ್ತರ

ನಾಲ್ಕು ವರ್ಷದ ಮಗುವಿನ ಹತ್ತಿರ ಅಪ್ಪಣೆ ಕೇಳುವವರನ್ನು ಚೌಡಮ್ಮ ತನ್ನ ಇಪ್ಪತ್ತೇಳು ವರ್ಷದ ಅಂಗನವಾಡಿ ಸರ್ವಿಸಿನಲ್ಲಿ ಕಂಡಿರಲಿಲ್ಲ. ತೂಕದ ಯಂತ್ರದ ಮೇಲೆ ನಿಲ್ಲಿಸುವಾಗ ಯಾರಾದರೂ ಕೇಳಿದ್ದುಂಟೆ? ಜಂತುಹುಳದ ಮಾತ್ರೆ ಬಾಯಿಗೆ ಹಾಕುವಾಗ ಕೇಳಿದ್ದುಂಟೆ? ಕೇಳುತ್ತ ಕೂತಿದ್ದರೆ ಊರಿನ ಒಂದು ಮಗುವಾದರೂ ಬಾಯಿ ತೆರೆಯುತ್ತಿತ್ತೆ? ಈ ಅಭಿಜ್ಞಾ ಎಂಬ ಹುಡುಗಿ ಮಾತ್ರ ಮಗುವಿನ ಎದುರು ಮೊಣಕಾಲೂರಿ ಕೂತು, ಮದುವೆಗೆ ಕರೆಯಲು ಬಂದವರ ಹಾಗೆ ವಿನಯದಿಂದ ಕೇಳುತ್ತಿದ್ದಳು.

“ನನ್ನ ಸಂಗಡ ಗೊಂಬೆ ಆಟ ಆಡ್ಲಿಕ್ಕೆ ಬರ್ತ್ಯಾ? ಬ್ಯಾಡ ಅಂದ್ರೆ ಬ್ಯಾಡ. ನಂಗೇನೂ ಬೇಜಾರಿಲ್ಲ.”

“ಬ್ಯಾಡ” ಎಂದಿತು ಮೊದಲ ದಿನ ಮೊದಲ ಮಗು. ಅಭಿಜ್ಞಾ ನಕ್ಕು “ಆಯ್ತು” ಎಂದು ಎದ್ದೇಬಿಟ್ಟಳು.

ಚೌಡಮ್ಮನಿಗೆ ಮೈ ಉರಿಯಿತು. “ಅಯ್ಯ ತಂಗೀ, ಹಿಂಗೆ ಕೇಳ್ತಾ ಕೂತ್ರೆ ನಿನ್ನ ಪಿಎಚ್‌ಡಿ ಮುಗಿಯೂದು ಯಾವ ಕಾಲಕ್ಕೆ? ಎತ್ಕಂಡು ಬಂದು ಕೂರ್ಸು, ಕೂರ್ತದೆ.”

“ಹಂಗೆ ಮಾಡ್ಲಿಕ್ಕೆ ಬರೂದಿಲ್ಲ ಚೌಡಮ್ಮಕ್ಕ. ಅದಕ್ಕೆ ಮನಸ್ಸಿಲ್ಲ ಅಂದ್ರೆ ಬಿಡ್ಬೇಕು. ಅದು ನಿಯಮ.”

“ಮನಸ್ಸಂತೆ ಮನಸ್ಸು!” ಎಂದು ಚೌಡಮ್ಮ ಅಡಿಗೆಕೋಣೆಗೆ ಹೋಗಿ ಸಹಾಯಕಿ ದೇವಿಯ ಹತ್ತಿರ ಹೇಳಿಕೊಂಡು ನಕ್ಕಳು. ದೇವಿಯೂ ನಕ್ಕಳು. ಅಕ್ಕಿ ಆರಿಸುವ ಕೆಲಸಕ್ಕೆ ಅವತ್ತು ಒಳ್ಳೆಯ ಮಾತು ಸಿಕ್ಕಿತ್ತು.

ಹುಲಗೋಳ ದಾಟಿ ಒಂದೂವರೆ ಕಿಲೋಮೀಟರು ಹೋದರೆ ಮುರುಗಲಕೇರಿ. ಅಲ್ಲಿಯ ಅಂಗನವಾಡಿ ಎಂದರೆ ಚೌಡಮ್ಮ, ಚೌಡಮ್ಮ ಎಂದರೆ ಅಂಗನವಾಡಿ. ಕೇರಿಯ ಮಕ್ಕಳು ಮಾತ್ರವಲ್ಲ, ಮಕ್ಕಳ ತಾಯಂದಿರೂ ಆಕೆಯನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು, ಯಾಕೆಂದರೆ ಅವರಲ್ಲಿ ಅರ್ಧ ಮಂದಿ ಆಕೆಯ ಕೈಯಲ್ಲೇ ಅಆಇಈ ಕಲಿತವರು. ಹೋದ ವರ್ಷ ಸುಪರ್‌ವೈಸರ್ ಮೇಡಂ ಬಂದವರು ವಿಸಿಟ್ ಪುಸ್ತಕದಲ್ಲಿ ‘ಮಕ್ಕಳು ಅತ್ಯಂತ ಚುರುಕಾಗಿದ್ದಾರೆ’ ಎಂದು ಬರೆದು, ಅತ್ಯಂತ ಎಂಬುದಕ್ಕೆ ಅಡಿಗೆರೆ ಬೇರೆ ಎಳೆದಿದ್ದರು. ಆ ಅಡಿಗೆರೆಯನ್ನು ಚೌಡಮ್ಮ ಬಂದವರಿಗೆಲ್ಲ ತೋರಿಸಿಯಾಗಿತ್ತು.

ಅಭಿಜ್ಞಾ ವಾನಳ್ಳಿಯವಳು. ಮೈಸೂರಿನಲ್ಲಿ ಮಕ್ಕಳ ಬೆಳವಣಿಗೆಯ ಬಗ್ಗೆ ಓದುತ್ತಿದ್ದಳು. ಅಧ್ಯಯನಕ್ಕೆ ಶಿರಸಿ ಸೀಮೆಯ ನಾಲ್ಕು ಅಂಗನವಾಡಿಗಳನ್ನು ಆರಿಸಿಕೊಂಡು, ಇಲಾಖೆಯ ಅನುಮತಿ ಪತ್ರ ಹಿಡಿದು, ದಿನಾ ಸ್ಕೂಟಿಯಲ್ಲಿ ಬರುತ್ತಿದ್ದಳು. ಕೆಲಸ ಶುರು ಮಾಡುವ ಮೊದಲು ತಾಯಂದಿರನ್ನೆಲ್ಲ ಸೇರಿಸಿ ಒಪ್ಪಿಗೆ ಪತ್ರವನ್ನು ಓದಿ ಹೇಳಿದ್ದಳು. ಅದೂ ಪೂರ್ತಿ! ಮಗುವಿನ ಹೆಸರು ಎಲ್ಲೂ ಬರುವುದಿಲ್ಲ, ನಂಬರು ಮಾತ್ರ ಇರುತ್ತದೆ, ಫೋಟೋ ತೆಗೆಯುವುದಿಲ್ಲ, ಬೇಡವೆಂದರೆ ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ. ತಾಯಂದಿರು ಆಕಳಿಸಿದರು. ಚೌಡಮ್ಮ ನಡುವೆ ಬಾಯಿ ಹಾಕಿ “ಸಾಕು ತಂಗೀ, ನಾ ಹೇಳ್ದೆ ಅಂದ್ರೆ ಎಲ್ಲಾ ಸಹಿ ಹಾಕ್ತ್ರು” ಎಂದರೂ ಬಿಡಲಿಲ್ಲ. ಕೊನೆಗೆ ಹತ್ತೊಂಬತ್ತು ಮಕ್ಕಳ ತಾಯಂದಿರೂ ಸಹಿ ಹಾಕಿದರು. ಅಕ್ಕೋರ ಮೇಲಿನ ನಂಬಿಕೆಯಿಂದ ಹಾಕಿದರು, ಪತ್ರ ಅರ್ಥವಾಗಿ ಹಾಕಿದವರು ಮೂರೋ ನಾಲ್ಕೋ ಮಂದಿ ಇರಬೇಕು.

ಆಟವೇನೋ ಸರಳ. ಚಿನ್ನಿ, ಪುಟ್ಟಿ ಎಂದು ಎರಡು ಬಟ್ಟೆಯ ಗೊಂಬೆ. ಒಂದು ಪುಟ್ಟ ಬುಟ್ಟಿ, ಒಂದು ಡಬ್ಬಿ, ಒಂದು ಗೋಲಿ. ಚಿನ್ನಿ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಅವಳು ಇಲ್ಲದಾಗ ಪುಟ್ಟಿ ಬಂದು ಗೋಲಿಯನ್ನು ತೆಗೆದು ಡಬ್ಬಿಯಲ್ಲಿ ಹಾಕುತ್ತಾಳೆ. ಈಗ ಚಿನ್ನಿ ವಾಪಸು ಬರುತ್ತಾಳೆ. ಅವಳು ಗೋಲಿಯನ್ನು ಮೊದಲು ಎಲ್ಲಿ ಹುಡುಕುತ್ತಾಳೆ?

ಮೊದಲು ಕೂತವನು ನಂದನ, ಮೂರೂವರೆ ವರ್ಷದವನು. “ಡಬ್ಬೀಲಿ” ಎಂದ ಧೈರ್ಯವಾಗಿ. ಅಡಿಗೆಕೋಣೆಗೂ ಮಕ್ಕಳ ಕೋಣೆಗೂ ನಡುವೆ ಪಾತ್ರೆ ದಾಟಿಸಲು ಒಂದು ಕಿಂಡಿ ಇತ್ತು. ಅದರ ಹಿಂದೆ ನಿಂತು ಇಣುಕಿ ನೋಡುತ್ತಿದ್ದ ಚೌಡಮ್ಮನಿಗೆ ಸಂತೋಷವಾಯಿತು. ಗೋಲಿ ಇರುವುದು ಡಬ್ಬಿಯಲ್ಲೇ ಅಲ್ಲವೆ, ನನ್ನ ಹುಡುಗ ಸರಿಯಾಗೇ ಹೇಳಿದ! ಆದರೆ ಅಭಿಜ್ಞಾ ತನ್ನ ಹಾಳೆಯಲ್ಲಿ ಬರೆದದ್ದು ಒಂದು ಸೊನ್ನೆ. ಮುಂದೆ ಬಂದ ಹುಡುಗಿ “ಬುಟ್ಟೀಲಿ” ಎಂದಾಗ ಒಂದು ಎಂದು ಬರೆದಳು. ಮೂರನೆಯವನಿಗೆ ಸೊನ್ನೆ, ನಾಲ್ಕನೆಯವಳಿಗೂ ಸೊನ್ನೆ.

“ನಂದನ ತಪ್ಪು ಹೇಳಿದ್ನಾ?” ಎಂದು ಚೌಡಮ್ಮ ಊಟದ ಹೊತ್ತಿಗೆ ಏನೂ ಅರಿಯದವಳ ಹಾಗೆ ಕೇಳಿದಳು.

“ಇದ್ರಲ್ಲಿ ಸರಿ ತಪ್ಪು ಅಂತ ಇಲ್ಲ ಚೌಡಮ್ಮಕ್ಕ. ಇದು ಪರೀಕ್ಷೆ ಅಲ್ಲ, ಸುಮ್ನೆ ತಿಳ್ಕಳ್ಳೂದು” ಎಂದಳು ಅಭಿಜ್ಞಾ.

ಸುಮ್ಮನೆ ತಿಳಿದುಕೊಳ್ಳುವವರು ಸೊನ್ನೆ ಯಾಕೆ ಬರೆಯುತ್ತಾರೆ? ಇಪ್ಪತ್ತೇಳು ವರ್ಷದಲ್ಲಿ ಎಷ್ಟು ಸುಪರ್‌ವೈಸರುಗಳು, ಎಷ್ಟು ಮಂದಿ ಸರ್ವೆಯವರು ಬಂದು ಹೋಗಿದ್ದಾರೆ! ಪ್ರತಿಯೊಬ್ಬರೂ “ಸುಮ್ನೆ ನೋಡ್ಲಿಕ್ಕೆ ಬಂದದ್ದು” ಎನ್ನುತ್ತಲೇ ಬಂದವರು, ಹೋಗುವಾಗ ಒಂದು ವರದಿ ಬರೆದು ಹೋದವರು. ಸೊನ್ನೆ ಎಂದರೆ ಏನೆಂದು ಚೌಡಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಳೆ ಮೈಸೂರಿನಲ್ಲಿ ಯಾರೋ ದೊಡ್ಡವರು ಕನ್ನಡಕ ಏರಿಸಿಕೊಂಡು, ಮುರುಗಲಕೇರಿಯ ಮಕ್ಕಳು ದಡ್ಡರು ಎಂದು ಓದುತ್ತಾರೆ. ನಂಬರು ಹಾಕಿದರೇನು, ಹೆಸರು ಹಾಕಿದರೇನು, ಮಕ್ಕಳು ತನ್ನವೇ ತಾನೆ!

ವಿಸಿಟ್ ಇದೆಯೆಂದು ಗೊತ್ತಾದರೆ ಅಂಗನವಾಡಿಯಲ್ಲಿ ಒಂದು ಕ್ರಮವಿದೆ. ಹಿಂದಿನ ದಿನವೇ ಮಕ್ಕಳ ಮೂಗು ಒರೆಸಿ, ಸಾಲಾಗಿ ಕೂರಿಸಿ, ಕೇಳಬಹುದಾದ್ದನ್ನೆಲ್ಲ ಒಪ್ಪಿಸಿ ನೋಡಬೇಕು. ನಿನ್ನ ಹೆಸರೇನು, ನಮ್ಮ ಜಿಲ್ಲೆ ಯಾವುದು, ಕೈ ಯಾವಾಗ ತೊಳೆಯಬೇಕು. ಇದನ್ನು ಮೋಸ ಎಂದು ಯಾರೂ ಅಂದವರಿಲ್ಲ. ಮಗಳನ್ನು ನೋಡಲು ಬರುತ್ತಾರೆಂದರೆ ತಾಯಿ ಜಡೆ ಹಾಕುವುದಿಲ್ಲವೆ, ಹಾಗೆ ಇದೂ ಒಂದು. ಚೌಡಮ್ಮ ಅದನ್ನೇ ಮಾಡಿದಳು.

ಅಭಿಜ್ಞಾ ಇಲ್ಲದ ಶನಿವಾರ ಹತ್ತೊಂಬತ್ತೂ ಮಕ್ಕಳನ್ನು ಅರ್ಧಚಂದ್ರಾಕಾರ ಕೂರಿಸಿಕೊಂಡು, ಲಟ್ಟಣಿಗೆಯನ್ನು ಚಿನ್ನಿ ಮಾಡಿ, ಸೌಟನ್ನು ಪುಟ್ಟಿ ಮಾಡಿ, ಇಡೀ ಆಟ ಆಡಿ ತೋರಿಸಿದಳು. “ಚಿನ್ನಿ ಎಲ್ಲಿ ಹುಡುಕ್ತದೆ?”

“ಡಬ್ಬೀಲಿ!” ಎಂದವು ಮುಕ್ಕಾಲು ಮಕ್ಕಳು.

“ಡಬ್ಬಿಯಲ್ಲ ನನ್ನ ಪುಟ್ಟಾಣಿಗಳಿರಾ, ಬುಟ್ಟಿ. ಹೇಳಿ ನೋಡ್ವ, ಬುಟ್ಟೀ...”

“ಬುಟ್ಟೀ!”

ಕಡೆಯಲ್ಲಿ ಕೂತಿದ್ದ ಉಲ್ಲಾಸ ಕೈ ಎತ್ತಿದ. ನಾಲ್ಕೂವರೆ ವರ್ಷ. ಕೇರಿಯ ಹೊನ್ನನ ಮೊಮ್ಮಗ. ಬೇರೆ ಮಕ್ಕಳು ಚಿಕ್ಕಿ ಕೊಟ್ಟರೆ ತಿನ್ನುತ್ತವೆ, ಇವನು ಇದರಲ್ಲಿ ಬೆಲ್ಲ ಎಷ್ಟು ಹಾಕಿದ್ದಾರೆ ಎಂದು ಕೇಳುವವನು. “ಯಾವಾಗ್ಲೂ ಬುಟ್ಟಿಯಾ ಅಕ್ಕೋರೇ?”

“ಯಾವಾಗ್ಲೂ ಬುಟ್ಟಿ” ಎಂದಳು ಚೌಡಮ್ಮ. ಗಿಣಿಪಾಠ ಹತ್ತು ಸಲ ಆಯಿತು. ಹತ್ತನೆಯ ಸಲ ಸೂರು ಹಾರಿಹೋಗುವ ಹಾಗೆ ಬುಟ್ಟಿ ಎಂದರು.

ಮುಂದಿನ ವಾರ ಅಭಿಜ್ಞಾಳ ಹಾಳೆ ತುಂಬ ಒಂದು, ಒಂದು, ಒಂದು. ಮೂರು ವರ್ಷದ ಮಗುವೂ ಕಣ್ಣು ಮಿಟುಕಿಸದೆ ಬುಟ್ಟಿ ಎಂದಿತು. ಅಭಿಜ್ಞಾ ಪೆನ್ನು ಕಚ್ಚಿಕೊಂಡು ಯೋಚನೆಗೆ ಬಿದ್ದಳು. “ಇಷ್ಟು ಸಣ್ಣ ವಯಸ್ಸಿಗೆ ಇದು ಹೊಳೆಯೂದು ಅಪರೂಪ ಚೌಡಮ್ಮಕ್ಕ. ನಂಗೆ ನಂಬ್ಲಿಕ್ಕೇ ಆಗೂದಿಲ್ಲ.”

“ನಮ್ಮ ಮಕ್ಕಳು ಹಂಗೇ” ಎಂದು ಚೌಡಮ್ಮ ಸೆರಗು ಸರಿಮಾಡಿಕೊಂಡಳು. ಅವತ್ತು ಅಭಿಜ್ಞಾಳ ತಟ್ಟೆಗೆ ಎರಡು ಸೌಟು ಸಾರು ಹೆಚ್ಚಿಗೆ ಬಿತ್ತು.

ಸಂಶೋಧನೆಯವರು ಒಂದೇ ಸಲ ಕೇಳಿ ಬಿಡುವವರಲ್ಲ ಎಂಬುದು ಚೌಡಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿರಲು ಅವಳಿಗೆ ಯಾರೂ ಹೇಳಿರಲೂ ಇಲ್ಲ. ಹತ್ತು ದಿನ ಬಿಟ್ಟು ಅಭಿಜ್ಞಾ ಮತ್ತೆ ಅದೇ ಗೊಂಬೆ ತಂದಳು. ದೇವಿ ಅವತ್ತು ತಂಗಿಯ ಮಗುವಿನ ನಾಮಕರಣಕ್ಕೆಂದು ಯಲ್ಲಾಪುರಕ್ಕೆ ಹೋಗಿದ್ದರಿಂದ, ಅಡಿಗೆಕೋಣೆಯಲ್ಲಿ ಬೇಳೆ ಕುದಿಸುವ ಕೆಲಸ ಚೌಡಮ್ಮನದೇ. ಒಗ್ಗರಣೆಯ ಸದ್ದಿನ ನಡುವೆ ಕಿಂಡಿಯಿಂದ ಒಂದೊಂದೇ ಮಗುವಿನ ದನಿ ಕೇಳುತ್ತಿತ್ತು. ಬುಟ್ಟಿ. ಬುಟ್ಟಿ. ಬುಟ್ಟಿ. ಚೌಡಮ್ಮ ಸೌಟು ತಿರುಗಿಸುತ್ತ ಒಳಗೊಳಗೇ ಹಿಗ್ಗಿದಳು. ನಂದನನೂ ಬುಟ್ಟಿ ಎಂದ. ಭಲೇ ಮಗನೇ!

ಆಮೇಲೆ ಸದ್ದಿಲ್ಲ.

ಚೌಡಮ್ಮ ಒಲೆ ಸಣ್ಣ ಮಾಡಿ ಕಿಂಡಿಯಲ್ಲಿ ಇಣುಕಿದಳು. ಅಭಿಜ್ಞಾಳ ಬೆನ್ನು ಈ ಕಡೆಗಿತ್ತು. ಎದುರಿಗೆ ಉಲ್ಲಾಸ. ಬುಟ್ಟಿಯನ್ನು ನೋಡುತ್ತಾನೆ, ಡಬ್ಬಿಯನ್ನು ನೋಡುತ್ತಾನೆ, ತುಟಿ ಬಿಚ್ಚುತ್ತಾನೆ, ಮುಚ್ಚುತ್ತಾನೆ. ಅಯ್ಯೋ ದೇವರೇ, ಎಲ್ಲರಿಗಿಂತ ಚುರುಕು ಎಂದುಕೊಂಡವನೇ ಮರೆತುಬಿಟ್ಟನಲ್ಲ! ಅಷ್ಟರಲ್ಲಿ ಹುಡುಗ ತಲೆ ಎತ್ತಿ ಕಿಂಡಿಯ ಕಡೆ ನೋಡಿದ. ಚೌಡಮ್ಮ ತಡಮಾಡಲಿಲ್ಲ. ದನಿ ಹೊರಡಿಸದೆ, ತುಟಿಯನ್ನಷ್ಟೇ ದೊಡ್ಡದಾಗಿ ಆಡಿಸಿ ಹೇಳಿದಳು: ಬುಟ್ಟಿ.

ಉಲ್ಲಾಸನ ಕೆಳತುಟಿ ನಡುಗಿತು. ಚೌಡಮ್ಮ ಇನ್ನೊಮ್ಮೆ ಹೇಳಿದಳು. ಹುಡುಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದ.

ಅಭಿಜ್ಞಾ ಆ ಕ್ಷಣವೇ ಗೊಂಬೆ ಕೆಳಗಿಟ್ಟಳು. “ಸಾಕು ಸಾಕು, ಆಟ ಮುಗೀತು, ಬ್ಯಾಡ ಬಿಡು” ಎಂದು ಬೆನ್ನು ಸವರಿದಳು. ಅಳು ನಿಲ್ಲಲಿಲ್ಲ. ಚೌಡಮ್ಮ ಓಡಿ ಬಂದು ಎತ್ತಿಕೊಳ್ಳಲು ಹೋದರೆ ಹುಡುಗ ಅವಳ ಮುಖ ನೋಡಿ ಇನ್ನೂ ಜೋರಾಗಿ ಅತ್ತ. ಕೊನೆಗೆ ತಾಯಿ ದಿವ್ಯಾ ಬಂದು ಕರೆದುಕೊಂಡು ಹೋಗಬೇಕಾಯಿತು.

ಮಕ್ಕಳು ಮಲಗಿದ ಮೇಲೆ ಅಭಿಜ್ಞಾ ಚಾಪೆಯ ಮೇಲೆ ಹಾಳೆಗಳನ್ನು ಹರಡಿಕೊಂಡು ಕೂತಿದ್ದಳು. ಮುಖ ಸಣ್ಣದಾಗಿತ್ತು. ಮನೆಯಿಂದ ತಾಯಿ ದೇವಕಿಯ ಫೋನು ಬಂತು. “ಆಯಿ, ಆನು ಊಟಕ್ಕೆ ಬತ್ನಿಲ್ಲೆ. ಎಂತೂ ಆಜಿಲ್ಲೆ” ಎಂದು, ಊಟಕ್ಕೆ ಬರುವುದಿಲ್ಲವೆಂದು ಹವ್ಯಕರ ಮನೆಮಾತಿನಲ್ಲಿ ಹೇಳಿ ಇಟ್ಟುಬಿಟ್ಟಳು. ಏನೂ ಆಗಿಲ್ಲ ಎನ್ನುವ ದನಿಯಲ್ಲೇ ಏನೋ ಆಗಿದೆ ಎಂಬುದು ತಿಳಿಯುತ್ತಿತ್ತು.

“ನಂಗೆ ಒಂದೂ ಅರ್ಥ ಆಗೂದಿಲ್ಲ ಚೌಡಮ್ಮಕ್ಕ” ಎಂದಳು. “ಇವತ್ತು ಆಟ ತಿರುಗಿಸಿದ್ದೆ. ಚಿನ್ನಿ ಗೋಲಿ ಇಟ್ಟಿದ್ದು ಡಬ್ಬೀಲಿ. ಪುಟ್ಟಿ ಬಂದು ತೆಗ್ದು ಬುಟ್ಟಿಗೆ ಹಾಕಿದ್ದು. ಚಿನ್ನಿಗೆ ಅದು ಗೊತ್ತಿಲ್ಲ, ಅವಳು ಹುಡುಕೂದು ಡಬ್ಬೀಲಿ ಅಲ್ವಾ? ಹೋದ ವಾರ ಅಷ್ಟು ಚಂದ ಹೇಳಿದ ಮಕ್ಕಳು ಇವತ್ತು ಅಷ್ಟೂ ಜನ ಬುಟ್ಟಿ ಅಂದ್ರು.”

ಚೌಡಮ್ಮನಿಗೆ ಶನಿವಾರದ ‘ಯಾವಾಗ್ಲೂ ಬುಟ್ಟಿ’ ನೆನಪಾಯಿತು. ಗಣಪತಿ ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದ್ದಳು.

“ಇರಲಿ, ಅದು ಬೇರೆ. ಮಗು ಅತ್ತಿತಲ್ಲ” ಎಂದು ಅಭಿಜ್ಞಾ ಹಾಳೆಗಳನ್ನು ಮಡಿಸಿದಳು. “ನನ್ನ ಆಟದಿಂದ ಒಂದು ಮಗು ಹೆದರಿ ಅತ್ತಿತು ಅಂದ್ರೆ ತಪ್ಪು ನಂದು. ನಾನು ಗೈಡಿಗೆ, ಯೂನಿವರ್ಸಿಟಿಯ ಕಮಿಟಿಗೆ ಬರೀಬೇಕು. ದಿವ್ಯಕ್ಕನ ಹತ್ರ ಕ್ಷಮೆ ಕೇಳ್ಬೇಕು. ಅವರು ಪರಿಶೀಲಿಸಿ ಹೇಳುವ ತನಕ ಎಲ್ಲಾ ಕಡೆ ನಿಲ್ಲಿಸ್ತೆ.”

“ಅಲ್ಲೇ ತಂಗೀ, ಮಕ್ಕಳು ಅಂದ್ಮೇಲೆ ಅಳ್ತಾವಪ್ಪ” ಎಂದಳು ಚೌಡಮ್ಮ. ನಿಜ ಸಂಗತಿ ನಾಳೆ ಹೇಳಿದರಾಯಿತು ಎಂದುಕೊಂಡಳು.

ನಾಳೆ ಉಲ್ಲಾಸ ಬರಲಿಲ್ಲ. ನಾಡಿದ್ದೂ ಬರಲಿಲ್ಲ. ದಿವ್ಯಾ ಮೊಟ್ಟೆ ಒಯ್ಯಲು ಬಂದಾಗ ಕೇಳಿದರೆ, “ಜ್ವರ ಇಲ್ಲ, ಎಂತ ಇಲ್ಲ ಅಕ್ಕೋರೆ. ಅಂಗನವಾಡಿಗೆ ಬರೂದಿಲ್ಲ ಅಂತ ಹಟ. ಎಂತಕೆ ಅಂದ್ರೆ ಬಾಯಿ ಬಿಡೂದಿಲ್ಲ” ಎಂದಳು.

ಚೌಡಮ್ಮ ಹಾಜರಿ ಪುಸ್ತಕ ತೆರೆದು ಅವನ ಹೆಸರಿನ ಮುಂದೆ ಗೈರು ಬರೆದಳು. ಮಕ್ಕಳು ಮೊದಲ ವಾರ ಅಳುತ್ತವೆ, ಮಂಗನಬಾವು ಬಂದರೆ ಬರುವುದಿಲ್ಲ, ಅಜ್ಜನ ಮನೆಗೆ ಹೋದರೆ ಬರುವುದಿಲ್ಲ. ತನಗೆ ಹೆದರಿ ಬರದೆ ಉಳಿದ ಮಗು ಇಪ್ಪತ್ತೇಳು ವರ್ಷದಲ್ಲಿ ಒಂದೂ ಇರಲಿಲ್ಲ. ಕೋಲು ಹಿಡಿದವಳಲ್ಲ, ಗದರಿದರೂ ಆಮೇಲೆ ಎತ್ತಿ ಮುದ್ದು ಮಾಡಿದವಳು. ಅಂಥವಳ ಮುಖ ನೋಡಿ ಆ ಹುಡುಗ ಹಾಗೆ ಅತ್ತನಲ್ಲ! ಅವಳಿಗೆ ಅನ್ನ ಸೇರಲಿಲ್ಲ. ಅಡಿಗೆರೆ ಎಳೆದ ವಿಸಿಟ್ ಪುಸ್ತಕವನ್ನು ಕಪಾಟಿನ ತಳಕ್ಕೆ ತುರುಕಿದಳು.

ಮೂರನೆಯ ದಿನ ಅಭಿಜ್ಞಾ ಗೊಂಬೆಯ ಚೀಲ, ಚಾಪೆ ಎಲ್ಲ ಒಯ್ಯಲು ಬಂದಳು. ಕಮಿಟಿಗೆ ಬರೆದ ಪತ್ರ ಅವಳ ಫೋನಿನಲ್ಲಿತ್ತು, ಕಳಿಸುವುದೊಂದೇ ಬಾಕಿ. ಚೌಡಮ್ಮ ಚಹಾ ಮಾಡಿ ತಂದು ಅವಳ ಎದುರು ನೆಲದ ಮೇಲೇ ಕೂತಳು.

“ಅದ್ನ ಕಳಿಸ್ಬ್ಯಾಡ ತಂಗೀ. ಸುಳ್ಳಾಗ್ತದೆ.”

“ಎಂತ ಸುಳ್ಳು?”

“ನಾ ಹೇಳಿಕೊಟ್ಟಿದ್ದೆ.” ಹೇಳಲು ಶುರು ಮಾಡಿದ ಮೇಲೆ ಚೌಡಮ್ಮ ಉಳಿಸಿಕೊಳ್ಳಲಿಲ್ಲ. ಸೊನ್ನೆ ನೋಡಿದ್ದು, ಶನಿವಾರ, ಲಟ್ಟಣಿಗೆ, ಸೌಟು, ಹತ್ತು ಸಲ ಬುಟ್ಟಿ, ಕಿಂಡಿಯಲ್ಲಿ ತುಟಿ ಆಡಿಸಿದ್ದು, ಎಲ್ಲವನ್ನೂ ಹೇಳಿದಳು. “ನೀ ಅಲ್ಲ ಅವನ್ನ ಹೆದರ್ಸಿದ್ದು. ನಾನು.”

ಅಭಿಜ್ಞಾಳ ಮುಖ ಕೆಂಪಾಯಿತು. ಲೋಟ ಕೆಳಗಿಟ್ಟಳು. “ಒಂದು ತಿಂಗಳ ಕೆಲಸ ಚೌಡಮ್ಮಕ್ಕ! ಹತ್ತೊಂಬತ್ತು ಮಕ್ಕಳದ್ದೂ ಹೋಯ್ತು. ಇನ್ನು ಈ ಮಕ್ಕಳಿಗೆ ಈ ಆಟ ಕೇಳ್ಲಿಕ್ಕೇ ಬರೂದಿಲ್ಲ.”

“ಬೈ ತಂಗೀ. ಬೈಸ್ಕಳೂ ಕೆಲಸವೇ ಮಾಡಿದ್ದು ನಾನು.”

ಅಭಿಜ್ಞಾ ಎದ್ದು ಬಾಗಿಲ ತನಕ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಹೊರಗೆ ಮಕ್ಕಳು ಉಯ್ಯಾಲೆಗೆ ಜಗಳಾಡುತ್ತಿದ್ದವು. ಏನು ನೆನಪಾಯಿತೋ, ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. “ಸೌಟು ಪುಟ್ಟಿನಾ?” ಎಂದಳು.

“ಹೌದೇ ಮಾರಾಯ್ತಿ. ಲಟ್ಟಣಿಗೆ ಚಿನ್ನಿ.”

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಅಭಿಜ್ಞಾ ಗಂಭೀರಳಾಗಿ ಪಕ್ಕದಲ್ಲಿ ಕೂತಳು. “ನನ್ನ ತಪ್ಪೂ ಇದ್ದು” ಎಂದು ಮನೆಮಾತು ನುಸುಳಿದ್ದನ್ನು ತಿದ್ದಿಕೊಂಡಳು, “ಅಲ್ಲ, ಇದೆ. ತಾಯಂದಿರಿಗೆಲ್ಲ ಕೂತು ಓದಿ ಹೇಳಿದೆ. ಮಕ್ಕಳ ಹತ್ರ ಕೇಳಿದೆ. ನಿಮ್ಮ ಅಂಗನವಾಡೀಲೇ ಕೂತು, ನಿಮ್ಮ ಸಾರು ಉಂಡು, ಇದು ಎಂತಕೆ ಮಾಡೂದು, ಸೊನ್ನೆ ಅಂದ್ರೆ ಎಂತ ಅಂತ ನಿಮಗೊಬ್ಬರಿಗೆ ಹೇಳ್ಲೇ ಇಲ್ಲ. ಸೊನ್ನೆ ಅಂದ್ರೆ ದಡ್ಡ ಅಂತಲ್ಲ ಚೌಡಮ್ಮಕ್ಕ. ನಂಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇರ್ಬಹುದು ಅನ್ನೂದು ಮಕ್ಕಳಿಗೆ ಹುಟ್ತಾ ಬರೂದಿಲ್ಲ. ನಾಲ್ಕು, ನಾಲ್ಕೂವರೆಗೆ ನಿಧಾನಕ್ಕೆ ಬರ್ತದೆ. ಅದು ಯಾವಾಗ, ಹೆಂಗೆ ಬರ್ತದೆ ಅಂತ ನೋಡೂದಷ್ಟೇ ನನ್ನ ಕೆಲಸ. ನಂದನ ಡಬ್ಬಿ ಅಂದದ್ದು ಅವನ ವಯಸ್ಸಿಗೆ ಸರಿಯೇ.”

“ಅಷ್ಟೇಯಾ?” ಎಂದಳು ಚೌಡಮ್ಮ. ಇಷ್ಟು ಸಣ್ಣ ವಿಷಯಕ್ಕೆ ತಾನು ಸೌಟು ಹಿಡಿದು ಕುಣಿದೆನಲ್ಲ ಎಂದು ನಾಚಿಕೆಯಾಯಿತು.

ಪತ್ರವನ್ನು ಅಭಿಜ್ಞಾ ಅಲ್ಲೇ ಕೂತು ತಿದ್ದಿದಳು. ಆದದ್ದನ್ನು ಆದ ಹಾಗೆ ಬರೆದಳು. ಈ ಮಕ್ಕಳ ಉತ್ತರಗಳನ್ನೆಲ್ಲ ಕೈಬಿಡುತ್ತೇನೆ, ಅನುಮತಿ ಸಿಕ್ಕರೆ ಸಿದ್ದಾಪುರದ ಕಡೆ ಇನ್ನೊಂದು ಅಂಗನವಾಡಿ ನೋಡುತ್ತೇನೆ, ಈ ಸಲ ಮೊದಲು ಅಲ್ಲಿಯ ಅಕ್ಕೋರ ಹತ್ತಿರ ಕೂತು ಮಾತಾಡುತ್ತೇನೆ ಎಂದೂ ಸೇರಿಸಿದಳು. ಆಮೇಲೆ ತಲೆ ಎತ್ತಿ, “ತಾಯಂದಿರಿಗೂ ಹೇಳ್ಬೇಕಾಗ್ತದೆ” ಎಂದಳು ಮೆಲ್ಲಗೆ.

“ಶನಿವಾರ ಸಭೆ ಕರೀತೆ. ನಾನೇ ಹೇಳ್ತೆ” ಎಂದಳು ಚೌಡಮ್ಮ. “ಅದಕ್ಕಿಂತ ಮೊದ್ಲು ಹೇಳ್ಬೇಕಾದವ ಒಬ್ಬ ಇದ್ದಾನೆ.”

ಸಂಜೆ ನಾಲ್ಕಕ್ಕೆ ಬೀಗ ಹಾಕಿದವಳು ತನ್ನ ಮನೆಯ ದಾರಿ ಹಿಡಿಯದೆ ನೇರ ಹೊನ್ನನ ಮನೆಗೆ ನಡೆದಳು. ಮಂತ್ರಿಗಳು ಬಂದಾಗ ಭಾಷಣ ಮಾಡಿದವಳು ಅವಳು, ತಾಲ್ಲೂಕು ಕಚೇರಿಯ ಮುಂದೆ ಧರಣಿ ಕೂತು ಘೋಷಣೆ ಕೂಗಿದವಳು. ಒಬ್ಬ ನಾಲ್ಕೂವರೆ ವರ್ಷದ ಹುಡುಗನಿಗೆ ಏನು ಹೇಳಬೇಕೆಂದು ತಿಳಿಯದೆ ದಾರಿಯುದ್ದಕ್ಕೂ ತನ್ನಷ್ಟಕ್ಕೇ ಗೊಣಗುತ್ತ ಹೋದಳು.

ಹೊನ್ನ ಅಂಗಳದಲ್ಲಿ ಭತ್ತ ಹರವುತ್ತಿದ್ದ. “ಓಹೋ, ಬನ್ನಿ ಅಕ್ಕೋರೆ. ಮೊಮ್ಮಗನ ಮೇಲೆ ವಾರಂಟು ತಂದ್ರಾ?” ಎಂದು ನಕ್ಕು, ಜಗಲಿಯ ಕಡೆ ಕೈ ತೋರಿಸಿದ. ದಿವ್ಯಾ ಚಹಾಕ್ಕಿಡಲು ಒಳಗೆ ಹೋದಳು.

ಉಲ್ಲಾಸ ಜಗಲಿಯ ಮೂಲೆಯಲ್ಲಿ ಹುಣಿಸೆಬೀಜ ಹರಡಿಕೊಂಡು ಕೂತಿದ್ದ. ಚೌಡಮ್ಮನನ್ನು ಕಂಡು ಓಡಲಿಲ್ಲ, ಆದರೆ ತಲೆಯನ್ನೂ ಎತ್ತಲಿಲ್ಲ. ಚೌಡಮ್ಮ ಸೊಂಟ ಹಿಡಿದುಕೊಂಡು ಅವನ ಪಕ್ಕ ಕೂತಳು.

“ಉಲ್ಲಾಸಾ, ಅವತ್ತು ನಾ ಹೇಳಿದ್ದು ತಪ್ಪು. ಅದು ಬುಟ್ಟಿ ಅಲ್ಲ. ನಿಂಗೆ ತಪ್ಪು ಹೇಳಿಕೊಟ್ಟೆ, ಮತ್ತೆ ಹೇಳು ಹೇಳು ಅಂದೆ. ನಂಗೆ ಬೇಜಾರಾಗ್ಯದೆ ಮಗಾ. ಹೆದ್ರಿಕೆ ಆತಾ ನಿಂಗೆ? ಬೈತ್ರು ಅಂತ?”

ಹುಡುಗ ಇಲ್ಲವೆಂದು ತಲೆಯಾಡಿಸಿದ. “ನೀ ಬೈಯೂದಿಲ್ಲ.”

“ಮತ್ತೆ ಎಂತಕೆ ಅತ್ತೆ?”

ಉಲ್ಲಾಸ ಒಂದು ಬೀಜವನ್ನು ಇನ್ನೊಂದರ ಮೇಲೆ ಇಟ್ಟ. ಅದು ಜಾರಿತು. ಮತ್ತೆ ಇಟ್ಟ. “ನೀ ಒಳಗಿದ್ದೆ” ಎಂದ. “ಸಾರು ಮಾಡ್ತಿದ್ದೆ.”

“ಹೌದು, ದೇವಿ ಬಂದಿರ್ಲಿಲ್ಲ.”

“ಚಿನ್ನಿ ಅವತ್ತು ಡಬ್ಬೀಲಿ ಇಟ್ಟಿತ್ತು. ನೀ ನೋಡ್ಲೇ ಇಲ್ಲಲ. ಅದ್ಕೇ ನಿಂಗೆ ಬುಟ್ಟಿ ಅಂತ್ಲೇ ಗೊತ್ತು.”

ಅಭಿಜ್ಞಾ ಚಾಪೆ ಹಾಸಿ, ಗೊಂಬೆ ಕೂರಿಸಿ, ಒಂದು ತಿಂಗಳು ಹುಡುಕಿದ್ದನ್ನು ಈ ಹುಡುಗ ಹುಣಿಸೆಬೀಜ ಜೋಡಿಸುತ್ತ ಹೇಳಿಬಿಟ್ಟಿದ್ದ. “ಅದು ನಿಂಗೆ ಅವತ್ತೇ ಗೊತ್ತಿತ್ತಾ?” ಎಂದಳು ಚೌಡಮ್ಮ. “ಗೊತ್ತಿದ್ರೆ ಡಬ್ಬಿ ಅಂದು ಬಿಡ್ಬೇಕಿತ್ತಲ್ಲೋ. ಎಂತಕೆ ಹೇಳ್ಲಿಲ್ಲ?”

“ನಾ ಡಬ್ಬಿ ಅಂದ್ರೆ ಅಕ್ಕೋರು ತಪ್ಪು ಹೇಳಿಕೊಟ್ರು ಅಂತ ಗೊಂಬೆ ಅಕ್ಕಂಗೆ ಗೊತ್ತಾಗ್ತಿತ್ತು.” ಈಗ ಅವನು ತಲೆ ಎತ್ತಿದ. ಮೂರು ದಿನದಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ ಹೊರಬಂತು. “ಗೊಂಬೆ ಅಕ್ಕ ನಿಂಗೆ ಬೈದ್ಲಾ?”

ಊರಿನ ಮಕ್ಕಳನ್ನೆಲ್ಲ ತಾನು ಕಾಯುತ್ತಿದ್ದೇನೆ ಎಂದುಕೊಂಡು ಚೌಡಮ್ಮ ಇಷ್ಟು ವರ್ಷ ಕಳೆದಿದ್ದಳು. ಮೂರು ದಿನದಿಂದ ಈ ಹುಡುಗ ತನ್ನನ್ನು ಕಾಯುತ್ತಿದ್ದ. ಅಂಗನವಾಡಿಗೆ ಹೋದರೆ ಮತ್ತೆ ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದರೆ ಅಕ್ಕೋರಿಗೆ ಬೈಗುಳ ಬೀಳುತ್ತದೆ. ಅಷ್ಟೆಲ್ಲ ಯೋಚಿಸಿ, ಯಾರಿಗೂ ಹೇಳದೆ, ಬಾಯಿ ಮುಚ್ಚಿಕೊಂಡು ಮನೆಯಲ್ಲೇ ಉಳಿದಿದ್ದ. ಚೌಡಮ್ಮನ ಕಣ್ಣು ತುಂಬಿ ಬಂತು, ಅವಳು ತಡೆಯಲಿಲ್ಲ.

“ಇಲ್ವೋ ನನ್ನ ರಾಜಾ. ಬೈಲಿಲ್ಲ. ತಪ್ಪು ನಂದು ಅಂತ ನಾನೇ ಹೇಳ್ದ ಮೇಲೆ ಇಬ್ರೂ ನಗ್ಯಾಡಿ ಚಾ ಕುಡದ್ವು.”

“ಖರೆ?”

“ಖರೆ.”

ಉಲ್ಲಾಸ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ನಿಜ ಹೇಳುತ್ತಾಳೋ ಸಮಾಧಾನಕ್ಕೆ ಹೇಳುತ್ತಾಳೋ ಎಂದು ಅಳೆಯುತ್ತಿದ್ದ ಎಂದು ಕಾಣುತ್ತದೆ. “ಹಂಗಾರೆ ನಾಳೆ ಬರ್ತೆ” ಎಂದು ಹುಣಿಸೆಬೀಜಗಳಲ್ಲಿ ಅರ್ಧ ಎಣಿಸದೇ ಅವಳ ಕಡೆಗೆ ದೂಡಿದ.

ಚಹಾದ ಲೋಟ ಹಿಡಿದು ಬಂದ ದಿವ್ಯಾ ಬಾಗಿಲಲ್ಲೇ ನಿಂತಳು. ಅಕ್ಕೋರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದನ್ನು ಆಕೆ ಹುಟ್ಟಿದಾಗಿನಿಂದ ಕಂಡಿರಲಿಲ್ಲ. “ಅಯ್ಯಯ್ಯ, ಎಂತಾತು ಅಕ್ಕೋರೆ? ಇವ ಎಂತಾದ್ರೂ ಅಂದ್ನಾ?”

ಚೌಡಮ್ಮ ಬಾಯಿ ತೆರೆಯುವ ಮೊದಲೇ ಉಲ್ಲಾಸ ಹೇಳಿದ, “ಅಕ್ಕೋರಿಗೆ ಬೇಜಾರಾಗಿತ್ತು. ಈಗ ಅಡ್ಡಿಲ್ಲ.”